ನಿಷ್ಪ್ರತೀಕಾರವೆಂಬ ಮಾತು ಮತ್ತು ನಡುವಯಸ್ಸಿನ ವ್ಯಾಧಿ

ಹೊಸಪೇಟೆಯಿಂದ ಹಂಪೆಗೆ ಹೋಗುವ ಹಾದಿಯಲ್ಲಿ ಅನಂತಶಯನಗುಡಿಯನ್ನು ದಾಟಿದರೆ ಮಲಪನಗುಡಿ ಸಿಗುತ್ತದೆ. ಪ್ರವಾಸಿಗರ ವಾಹನಗಳು ಇಲ್ಲಿ ನಿಲ್ಲುವುದು ಕಡಮೆ. ನಿಂತವರಿಗೆ ಕಾಣುವುದು ಗಟ್ಟಿ ಪ್ರಾಕಾರದ ಮಲ್ಲಿಕಾರ್ಜುನನ ಗುಡಿ, ವಿಜಯನಗರ ಕಾಲದ ಮೆಟ್ಟಿಲುಗಳುಳ್ಳ ದೊಡ್ಡ ಬಾವಿ, ಅದರಾಚೆ ಕಾಲುವೆ ನೀರಿಗೆ ಬೆಳೆದ ಬಾಳೆ, ಕಬ್ಬು, ಭತ್ತ. ಇನ್ನಷ್ಟು ಮುಂದೆ ಕಮಲಾಪುರ. ಅಲ್ಲಿಂದ ಕಂಪ್ಲಿಯ ಕಡೆಗೆ ತಿರುಗಿದರೆ, ಜನರು ಗಾಣಗಿತ್ತಿಯ ಗುಡಿಯೆಂದು ಕರೆಯುವ ಕುಂಥುನಾಥ ಜಿನಾಲಯ. 1386ರಲ್ಲಿ ಇಮ್ಮಡಿ ಹರಿಹರನ ದಂಡನಾಯಕನಾದ ಇರುಗಪ್ಪನು ಇದನ್ನು ಕಟ್ಟಿಸಿದನೆಂದು ಮುಂದಿರುವ ದೀಪಸ್ತಂಭದ ಶಾಸನ ತಿಳಿಸುತ್ತದೆ. ಹೇಮಕೂಟದ ಮೇಲಿನ ಮೆಟ್ಟಿಲು ಶಿಖರದ ಗುಡಿಗಳನ್ನು ಬಸದಿಗಳೆಂದು ತೋರಿಸುವ ಮಾರ್ಗದರ್ಶಕರು ಇಂದಿಗೂ ಇದ್ದಾರೆ. ಅವು ಶೈವಾಲಯಗಳು. ನಿಜವಾದ ಜಿನಾಲಯಗಳು ಗಾಣಗಿತ್ತಿಯದೂ, ಪಾನಸುಪಾರಿ ಬಜಾರಿನಲ್ಲಿ 1426ರಲ್ಲಿ ಇಮ್ಮಡಿ ದೇವರಾಯನು ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯವೂ ಇರುವಲ್ಲಿ ಜನಸಂಚಾರ ವಿರಳ.

ಇರುಗಪ್ಪನು ಯುದ್ಧವನ್ನೂ ಮಾಡಿದ, ಬಸದಿಯನ್ನೂ ಕಟ್ಟಿಸಿದ, 'ನಾನಾರ್ಥರತ್ನಮಾಲೆ'ಯೆಂಬ ನಿಘಂಟನ್ನೂ ರಚಿಸಿದ. ಒಂದೇ ಶಬ್ದಕ್ಕೆ ಇರುವ ಹಲವು ಅರ್ಥಗಳನ್ನು ಕೂಡಿಸುವುದು ಆ ನಿಘಂಟಿನ ಕೆಲಸ. ಅರ್ಥವನ್ನು ತಪ್ಪಾಗಿ ಹಿಡಿದರೆ ಒಂದು ಶಬ್ದ ಮನುಷ್ಯನ ಪ್ರಾಣಕ್ಕೆ ಎರವಾಗಬಹುದು. ಅಂಥ ಶಬ್ದ ಜೈನಾಚಾರದ ಗ್ರಂಥಗಳಲ್ಲಿ ಒಂದಿದೆ: ನಿಷ್ಪ್ರತೀಕಾರ. ಪ್ರತೀಕಾರವೆಂದರೆ ಇಂದಿನ ಕನ್ನಡದಲ್ಲಿ ಸೇಡು. ಹಳೆಯ ಗ್ರಂಥಗಳಲ್ಲಿ ಅದು ಪರಿಹಾರ, ಚಿಕಿತ್ಸೆ. ಪ್ರತೀಕಾರವಿಲ್ಲದ ರೋಗವೆಂದರೆ ವೈದ್ಯನ ಕೈ ಸೋತ ರೋಗ. ಯಾವುದು ಹಾಗೆ, ಯಾವುದು ಹಾಗಲ್ಲ ಎಂಬ ವಿವೇಚನೆಗೆ ಈ ಕಾಲದಲ್ಲಿ ಒಂದು ನಿರ್ದಿಷ್ಟ ವ್ಯಾಧಿಯನ್ನು ಮುಂದಿಟ್ಟುಕೊಳ್ಳುವುದು ಉಚಿತ. ಅದು ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ. ಅದರಲ್ಲಿಯೂ ಐವತ್ತರ ಒಳಗಿನವರಿಗೆ ಬರುವಂಥದು.

ಈ ಗ್ರಂಥಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳದ ಮೊದಲ ಭಾಗವನ್ನು ಸುತ್ತುವರಿದು ಕುಳಿತಿರುತ್ತದೆ. ಆರೋಗ್ಯವಂತ ಯುವಕನಲ್ಲಿ ಅದರ ಗಾತ್ರ ಒಂದು ಅಕ್ರೋಟು ಕಾಯಿಯಷ್ಟು. ವೀರ್ಯಕ್ಕೆ ಬೇಕಾದ ದ್ರವದ ಒಂದು ಪಾಲನ್ನು ಅದು ಒದಗಿಸುತ್ತದೆ. ವಯಸ್ಸಾದಂತೆ ಅದು ಹಿಗ್ಗುವುದು ಸಾಮಾನ್ಯ. ಹಿಗ್ಗುವುದು ನಡುವಿನ ಭಾಗ, ಅಂದರೆ ಮೂತ್ರನಾಳಕ್ಕೆ ತಾಗಿದ ಭಾಗ. ಆದ್ದರಿಂದ ಮುದುಕರಿಗೆ ಮೂತ್ರ ತಡೆಯುತ್ತದೆ, ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. ಇದು ಅರ್ಬುದವಲ್ಲ. ಅರ್ಬುದವು ಬಹುಪಾಲು ಹುಟ್ಟುವುದು ಗ್ರಂಥಿಯ ಹೊರ ಅಂಚಿನಲ್ಲಿ, ನಾಳದಿಂದ ದೂರದಲ್ಲಿ. ಅಲ್ಲಿ ಅದು ಬೆಳೆದರೂ ನೀರು ಸಲೀಸಾಗಿ ಹೋಗುತ್ತಿರುತ್ತದೆ. ನೋವಿಲ್ಲ, ರಕ್ತವಿಲ್ಲ, ಉರಿಯಿಲ್ಲ. ರೋಗಿಗೆ ಮೊದಲ ಸುದ್ದಿ ಸಿಗುವುದು ಅನೇಕ ವೇಳೆ ಅದು ಎಲುಬಿಗೆ ಇಳಿದ ಮೇಲೆ. ಗ್ರಂಥಿಯ ಸುತ್ತಲಿನ ಸಿರೆಗಳಿಗೂ ಬೆನ್ನುಹುರಿಯ ಸುತ್ತಲಿನ ಸಿರೆಗಳಿಗೂ ಕವಾಟಗಳಿಲ್ಲದ ಸಂಬಂಧವಿದೆಯೆಂದು ಆಸ್ಕರ್ ಬ್ಯಾಟ್ಸನ್ ಎಂಬ ಅಂಗರಚನಾಶಾಸ್ತ್ರಜ್ಞ 1940ರಲ್ಲಿ ತೋರಿಸಿಕೊಟ್ಟ. ಸೊಂಟದ ಮೂಳೆ, ಬೆನ್ನೆಲುಬುಗಳಿಗೇ ಈ ರೋಗ ಹೆಚ್ಚಾಗಿ ಹರಡುವುದೇಕೆಂಬುದಕ್ಕೆ ಅದು ಒಂದು ಕಾರಣವೆಂದು ಹೇಳಲಾಗುತ್ತದೆ.

ಹೊಸಪೇಟೆಯ ಸೀಮೆಯಲ್ಲಿ ಇದರ ಅರ್ಥವೇನೆಂದು ಯೋಚಿಸಬೇಕು. ಕಬ್ಬು ಕಡಿಯುವವನಿಗೆ ಸೊಂಟ ನೋಯುತ್ತದೆ. ಸಂಡೂರಿನ ಗಣಿಯಿಂದ ಅದಿರು ತುಂಬಿಕೊಂಡು ಲಾರಿ ಓಡಿಸುವವನಿಗೆ ನೋಯುತ್ತದೆ. ಗದ್ದೆಗೆ ಗೊಬ್ಬರದ ಮೂಟೆ ಹೊರುವವನಿಗೂ ನೋಯುತ್ತದೆ. ನಲವತ್ತನಾಲ್ಕರ ಒಕ್ಕಲಿಗನೊಬ್ಬನ ಬೆನ್ನುನೋವಿನ ಹಿಂದೆ ಹೊಟ್ಟೆಯ ಕೆಳಗಿನ ಗ್ರಂಥಿಯೊಂದು ಇರಬಹುದೆಂದು ಮನೆಯವರೂ ಊಹಿಸರು, ಮೊದಲು ನೋಡುವ ವೈದ್ಯನೂ ಸುಲಭವಾಗಿ ಊಹಿಸನು. ಎಣ್ಣೆ ತಿಕ್ಕಿಸಿಕೊಳ್ಳುವುದು, ನೋವಿನ ಗುಳಿಗೆ, ಪಟ್ಟಿ ಕಟ್ಟಿಸಿಕೊಳ್ಳುವುದು, ಹೀಗೆ ತಿಂಗಳುಗಳು ಕಳೆಯುತ್ತವೆ. ಬೆನ್ನುನೋವುಳ್ಳ ಸಾವಿರ ಜನರಲ್ಲಿ ಹೆಚ್ಚುಕಡಿಮೆ ಎಲ್ಲರದೂ ಬರಿಯ ಬೆನ್ನುನೋವೇ ಎಂಬುದೂ ಸತ್ಯ. ಆದರೆ ಮಲಗಿದರೂ ಬಿಡದ, ರಾತ್ರಿಯಲ್ಲಿ ಹೆಚ್ಚುವ, ವಾರಗಟ್ಟಲೆ ಕಾಡುವ, ಜೊತೆಗೆ ತೂಕ ಇಳಿಯುವ ನೋವಿನ ಜಾತಿ ಬೇರೆ.

ಅಂಕಿಗಳು ಕೆಲವಿವೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 14.7 ಲಕ್ಷ ಗಂಡಸರಿಗೆ ಈ ಅರ್ಬುದ ಹೊಸದಾಗಿ ಪತ್ತೆಯಾಯಿತು, ಸುಮಾರು 4 ಲಕ್ಷ ಜನ ಅದರಿಂದ ತೀರಿಕೊಂಡರು. ಭಾರತದಲ್ಲಿ ಆ ವರ್ಷ ಪತ್ತೆಯಾದವರು 38 ಸಾವಿರದಷ್ಟು ಎಂಬುದು ಅದೇ ಅಂತಾರಾಷ್ಟ್ರೀಯ ಅಂದಾಜು. 2020ರಲ್ಲಿ 14 ಲಕ್ಷವಿದ್ದ ವಾರ್ಷಿಕ ಸಂಖ್ಯೆ 2040ರ ಹೊತ್ತಿಗೆ 29 ಲಕ್ಷಕ್ಕೆ ಏರುವುದೆಂದು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ಆಯೋಗ 2024ರಲ್ಲಿ ಹೇಳಿತು. ಇವರಲ್ಲಿ ಹೆಚ್ಚಿನವರು ಅರವತ್ತೈದು ದಾಟಿದವರು. ಆದರೂ ಅಮೆರಿಕದಲ್ಲಿ ಹೊಸದಾಗಿ ಪತ್ತೆಯಾಗುವವರಲ್ಲಿ ನೂರಕ್ಕೆ ಹತ್ತರಷ್ಟು ಜನ ಐವತ್ತೈದು ಅಥವಾ ಅದಕ್ಕಿಂತ ಕಡಮೆ ವಯಸ್ಸಿನವರೆಂದು 2014ರ ಒಂದು ಸಮೀಕ್ಷೆ ತೋರಿಸಿತು. ಆ ಸಮೀಕ್ಷೆಯ ಇನ್ನೊಂದು ಮಾತು ಹೆಚ್ಚು ಗಂಭೀರವಾದುದು. ರೋಗ ಉಗ್ರ ಸ್ವರೂಪದ್ದಾಗಿ ಮುಂದುವರಿದ ಹಂತದಲ್ಲಿದ್ದರೆ, ಅದೇ ಹಂತದ ಹಿರಿಯರಿಗಿಂತ ಕಿರಿಯರೇ ಬೇಗ ಸಾಯುತ್ತಾರೆ. ಮುದುಕನಲ್ಲಿ ಹಲವು ವೇಳೆ ಈ ರೋಗ ಆಮೆಯಂತೆ ನಡೆಯುತ್ತದೆ. ಅವನು ಬೇರೆ ಯಾವುದೋ ಕಾರಣದಿಂದ ತೀರಿಕೊಳ್ಳುವವರೆಗೂ ಅದು ತಲೆಯೆತ್ತದೇ ಇರಬಹುದು. ಹರೆಯದವನಿಗೆ ಆ ಭರವಸೆಯಿಲ್ಲ.

ಇದು ಇತ್ತೀಚಿನ ಆಹಾರದ, ಇತ್ತೀಚಿನ ಗೊಬ್ಬರದ ರೋಗವೆಂದು ಹೇಳಿಬಿಡುವ ರೂಢಿಯೊಂದಿದೆ. ಚರಿತ್ರೆ ಅದನ್ನು ಒಪ್ಪುವುದಿಲ್ಲ. ದಕ್ಷಿಣ ಸೈಬೀರಿಯದ ತುವಾ ಪ್ರದೇಶದಲ್ಲಿ ಅರ್ಜಾನ್ ಎಂಬಲ್ಲಿನ ಸಮಾಧಿ ದಿಬ್ಬವೊಂದನ್ನು 2001ರ ಸುಮಾರಿನಲ್ಲಿ ರಷ್ಯ ಮತ್ತು ಜರ್ಮನಿಯ ಪುರಾತತ್ತ್ವಜ್ಞರು ತೆರೆದರು. ಒಳಗೆ ಶಕರ ಜನಾಂಗದ ಒಬ್ಬ ಅರಸು, ಪಕ್ಕದಲ್ಲಿ ಒಬ್ಬ ಹೆಂಗಸು, ಸುತ್ತ ಸಾವಿರಾರು ಚಿನ್ನದ ಆಭರಣಗಳು. ಕಾಲ ಕ್ರಿ.ಪೂ. 7ನೆಯ ಶತಮಾನ, ವರ್ಧಮಾನ ಮಹಾವೀರನ ಜನನಕ್ಕೆ ಇನ್ನೂ ಕೆಲವು ತಲೆಮಾರುಗಳಿದ್ದ ಕಾಲ. ಅರಸನ ಎಲುಬುಗಳ ತುಂಬ ಕಲೆಗಳು, ಗಂಟುಗಳು. ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಅವು ಎಲುಬಿಗೆ ಹರಡಿದ ಅರ್ಬುದವೆಂದು ಗೊತ್ತಾಯಿತು. ಆ ಎಲುಬಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಎಂಬ ಪ್ರೋಟೀನಿನ ಅಂಶವೂ ದೊರೆತು ಮೂಲ ಯಾವುದೆಂಬುದು ಖಚಿತವಾಯಿತು. ಇಂದು ಹೊಸಪೇಟೆಯ ಪ್ರಯೋಗಶಾಲೆಯಲ್ಲಿ ರಕ್ತದಲ್ಲಿ ಅಳೆಯುವುದು ಅದೇ ಪ್ರೋಟೀನನ್ನು. ಸತ್ತಾಗ ಅರಸನ ವಯಸ್ಸು ನಲವತ್ತರಿಂದ ಐವತ್ತರೊಳಗೆ. ಕುದುರೆಯ ಮೇಲೆ ಬದುಕಿದ ಜನಾಂಗದ ಆ ಒಡೆಯನು ಕೊನೆಯ ದಿನಗಳಲ್ಲಿ ಕುದುರೆಯೇರಲಾರದ ಸ್ಥಿತಿಯಲ್ಲಿದ್ದಿರಬೇಕು. ಪ್ರಾಸ್ಟೇಟ್ ಅರ್ಬುದದ ಖಚಿತವಾದ ಪುರಾತನ ಪ್ರಕರಣಗಳಲ್ಲಿ ಇದೊಂದು, ಅದೂ ನಡುವಯಸ್ಸಿನವನದು.

ಬಹುಕಾಲ ಈ ರೋಗಕ್ಕೆ ಯುರೋಪಿನಲ್ಲಿಯೂ ಪ್ರತ್ಯೇಕ ಹೆಸರಿರಲಿಲ್ಲ. 1853ರಲ್ಲಿ ಲಂಡನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಆಡಮ್ಸ್ ಸೂಕ್ಷ್ಮದರ್ಶಕದ ಆಧಾರದಿಂದ ಒಂದು ಪ್ರಕರಣವನ್ನು ವಿವರಿಸಿ, ಇದು ಅತಿ ವಿರಳವಾದ ರೋಗವೆಂದು ಟಿಪ್ಪಣಿ ಬರೆದ. ವಿರಳವಾಗಿದ್ದುದು ರೋಗವಲ್ಲ, ಅದನ್ನು ಕಾಣುವ ಕಣ್ಣು. ಮೂತ್ರ ಕಟ್ಟಿ ಸತ್ತವರನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸುತ್ತಿದ್ದ ಕಾಲವದು.

ಭಾರತೀಯ ವೈದ್ಯರು ಗಮನಿಸಿದ್ದೇನು? ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹನ್ನೆರಡು ಬಗೆಯ ಮೂತ್ರಾಘಾತಗಳಿವೆ. ಅವುಗಳಲ್ಲಿ ವಾತಾಷ್ಠೀಲವೆಂಬುದು ಮಲಮಾರ್ಗಕ್ಕೂ ಬಸ್ತಿಗೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ ಎದ್ದು ನಿಲ್ಲುವ ಗಂಟು. ಅದು ಮಲ, ಮೂತ್ರ, ವಾಯುಗಳನ್ನು ತಡೆಯುತ್ತದೆ. ಸ್ಥಾನ ನಿಖರವಾಗಿದೆ. ಗಟ್ಟಿತನದ ಮಾತೂ ಇಂದಿನ ವೈದ್ಯನು ಬೆರಳಿನಿಂದ ಮುಟ್ಟಿ ನೋಡುವ ಪರೀಕ್ಷೆಯನ್ನು ನೆನಪಿಗೆ ತರುತ್ತದೆ. ಅದೇ ಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ವರ್ಣನೆ ಬೇರೆಯಾಗಿದೆ. ಅದು ಗುಂಡಗೆ, ಅಲ್ಲಾಡದೆ, ಆಳವಾಗಿ ಬೇರೂರಿ, ಮೆಲ್ಲಗೆ ಬೆಳೆದು, ಕೀವಾಗದೆ ಉಳಿಯುವ ಗಡ್ಡೆ. ಒಂದರ ಮೇಲೆ ಮತ್ತೊಂದು ಹುಟ್ಟಿದರೆ ಅಧ್ಯರ್ಬುದ. ಆದರೆ ಈ ಎರಡು ಪ್ರಕರಣಗಳು ಒಂದಕ್ಕೊಂದು ಕೂಡಲಿಲ್ಲ. ಬಸ್ತಿಯ ಬಳಿಯ ಕಲ್ಲು ಅರ್ಬುದವೂ ಆಗಬಹುದೆಂದು ಪ್ರಾಚೀನರು ಹೇಳಿದಂತಿಲ್ಲ. ಈಗಿನ ಕೆಲವು ಲೇಖಕರು ವಾತಾಷ್ಠೀಲವೇ ಪ್ರಾಸ್ಟೇಟ್ ಕ್ಯಾನ್ಸರೆಂದು ಸಾಧಿಸಹೊರಡುವುದು ಪ್ರಾಚೀನರಿಗೆ ಸಲ್ಲಿಸುವ ಗೌರವವಲ್ಲ. ಅವರು ಕಂಡದ್ದನ್ನು ಕಂಡಷ್ಟೇ ಹೇಳಿದರು.

ಜೈನ ವೈದ್ಯಪರಂಪರೆ ಈ ನಾಡಿನಲ್ಲಿ ಸಣ್ಣದಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನ 'ಕಲ್ಯಾಣಕಾರಕ' ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಕಟ್ಟಿದ ಸಂಸ್ಕೃತ ಗ್ರಂಥ. ನೃಪತುಂಗನ ಸಭೆಯಲ್ಲಿ ಮಾಂಸದ ಔಷಧಗಳ ನಿಷ್ಫಲತೆಯನ್ನು ವಾದಿಸಿದ ಭಾಗ ಅದರ ಕೊನೆಯಲ್ಲಿದೆ. 1940ರಲ್ಲಿ ಸೊಲ್ಲಾಪುರದಿಂದ ಅದು ಅಚ್ಚಾಯಿತು. ಪೂಜ್ಯಪಾದರ ವೈದ್ಯವನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ. ಚಾಲುಕ್ಯ ವಂಶದ ಕೀರ್ತಿವರ್ಮ ದನಗಳ ರೋಗಗಳ ಮೇಲೆ 'ಗೋವೈದ್ಯ'ವನ್ನು ಬರೆದ. ವಿಜಯನಗರದ ಮೊದಲ ದಶಕಗಳಲ್ಲಿ, ಇರುಗಪ್ಪನಿಗಿಂತ ಸ್ವಲ್ಪ ಮುಂಚೆ, ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯವನ್ನು ರಚಿಸಿದ. ಶರೀರ ನಶ್ವರವೆಂದು ದಿನವೂ ಭಾವಿಸುತ್ತಿದ್ದ ಜನ ಇಷ್ಟು ಶ್ರದ್ಧೆಯಿಂದ ಅದರ ರಕ್ಷಣೆಯ ಗ್ರಂಥಗಳನ್ನು ಬರೆದರೆಂಬುದನ್ನು ಮರೆಯಬಾರದು. ಹೆಚ್ಚಿನ ಸಾಹಿತ್ಯಚರಿತ್ರೆಗಳಲ್ಲಿ ಇವಕ್ಕೆ ಸಿಗುವುದು ಒಂದು ಸಾಲು. ಶಾಸ್ತ್ರಗ್ರಂಥಗಳೆಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತಾರೆ.

ಹರೆಯದಲ್ಲಿ ಘೋರ ರೋಗಕ್ಕೆ ಸಿಕ್ಕಿದವರ ಕಥೆಗಳಲ್ಲಿ ಜೈನರಿಗೆ ಅತ್ಯಂತ ಪರಿಚಿತವಾದದ್ದು ಸಮಂತಭದ್ರರದು. ಮುನಿದೀಕ್ಷೆ ಪಡೆದು ತಪಸ್ಸಿನಲ್ಲಿದ್ದಾಗ ಅವರಿಗೆ ಭಸ್ಮಕವ್ಯಾಧಿ ಬಂತು. ಎಷ್ಟು ಉಂಡರೂ ಉರಿದು ಬೂದಿಯಾಗುವ, ಹಸಿವು ತೀರದ ರೋಗ. ಮುನಿಗೆ ದಿನಕ್ಕೊಂದೇ ಆಹಾರ, ಅದೂ ಅಂಗೈಯಲ್ಲಿ ಸಿಕ್ಕಷ್ಟು. ರೋಗ ಬೇಡುವುದು ಬೆಟ್ಟದಷ್ಟು. ಅವರು ಗುರುವಿನ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರು ಒಪ್ಪಲಿಲ್ಲ. ಈತನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಬಹಳವಿದೆಯೆಂದು ಕಂಡ ಗುರು, ಮುನಿವೇಷವನ್ನು ಕೆಳಗಿಟ್ಟು ಎಲ್ಲಿಯಾದರೂ ಹೋಗಿ ಹೊಟ್ಟೆ ತುಂಬ ಉಂಡು ರೋಗ ಕಳೆದುಕೊಂಡು ಬಾ, ಮತ್ತೆ ದೀಕ್ಷೆ ಕೊಡುವೆನೆಂದನು. ದೇವಚಂದ್ರನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ 'ರಾಜಾವಳಿ ಕಥೆ'ಯಲ್ಲಿ ಈ ಪ್ರಸಂಗ ಕನ್ನಡದಲ್ಲಿದೆ. ಮುಂದಿನದು ಕಾಂಚಿಯ ಶಿವಾಲಯದಲ್ಲಿ ರಾಶಿ ನೈವೇದ್ಯವನ್ನು ಉಂಡದ್ದು, ರೋಗ ಇಳಿದಂತೆ ಅನ್ನ ಮಿಕ್ಕಿ ಗುಟ್ಟು ರಟ್ಟಾದದ್ದು, ಸ್ತೋತ್ರದ ಮಹಿಮೆ. ಆ ಭಾಗಕ್ಕೆ ಮತಸ್ಪರ್ಧೆಯ ಬಣ್ಣ ಗಾಢವಾಗಿ ಹತ್ತಿದೆ, ಇಲ್ಲಿ ಅದರ ಅಗತ್ಯವಿಲ್ಲ. ಕಥೆ ದೇವಚಂದ್ರನ ಕಲ್ಪನೆಯಲ್ಲವೆಂಬುದಂತೂ ದಿಟ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೇ ಸಮಂತಭದ್ರರು ಭಸ್ಮಕವನ್ನು ಗೆದ್ದವರೆಂಬ ಉಲ್ಲೇಖವಿದೆ.

ಗುರು ನಿರಾಕರಿಸಿದ್ದು ಯಾವ ತರ್ಕದಿಂದ? ಸಲ್ಲೇಖನಕ್ಕೆ ಸಲ್ಲುವ ಸಂದರ್ಭಗಳನ್ನು ಸ್ವತಃ ಸಮಂತಭದ್ರರ ಹೆಸರಿನಲ್ಲಿ ಬಂದಿರುವ 'ರತ್ನಕರಂಡಕ ಶ್ರಾವಕಾಚಾರ'ವೇ ಎಣಿಸುತ್ತದೆ: ಉಪಸರ್ಗ, ಬರಗಾಲ, ಮುಪ್ಪು, ರೋಗ. ಎಣಿಸಿ, ಇವು ನಿಷ್ಪ್ರತೀಕಾರವಾಗಿರಬೇಕೆಂಬ ವಿಶೇಷಣವನ್ನು ಸೇರಿಸುತ್ತದೆ. ಆ ಒಂದು ವಿಶೇಷಣದಲ್ಲಿ ಇಡೀ ನ್ಯಾಯವಿದೆ. ಪರಿಹಾರವಿರುವ ರೋಗಕ್ಕೆ ದೇಹವನ್ನು ಒಪ್ಪಿಸಿಬಿಡುವುದು ವೈರಾಗ್ಯವಾಗದು. ಪರಿಹಾರವಿದೆಯೋ ಇಲ್ಲವೋ ಎಂದು ತಿಳಿಯುವ ಮುನ್ನವೇ ಕರ್ಮವೆಂದು ಕೈಕಟ್ಟಿ ಕೂರುವುದಂತೂ ವೈರಾಗ್ಯದ ಮಾತೇ ಅಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನಾಗಿ ಕಂಡು ನಿಷೇಧಿಸಿದಾಗ, ಅದೇ ತಿಂಗಳ ಕೊನೆಗೆ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿದಾಗ, ಪತ್ರಿಕೆಗಳಲ್ಲಿ ಹರಿದ ಚರ್ಚೆಯಲ್ಲಿ ಈ ವಿಶೇಷಣ ಸಾಕಷ್ಟು ಕಾಣಿಸಿಕೊಳ್ಳಲಿಲ್ಲ.

ಇದಕ್ಕೆ ಎದುರಾಗಿ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ತೆಗೆಯುವವರಿದ್ದಾರೆ. 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ಅದೂ ಒಂದು. ಸೌಂದರ್ಯಕ್ಕೆ ಹೆಸರಾದ ಚಕ್ರವರ್ತಿ, ಆ ಸೌಂದರ್ಯವು ನೋಡನೋಡುತ್ತ ಕುಂದುವುದನ್ನು ಅರಿತು ರಾಜ್ಯವನ್ನು ಬಿಡುತ್ತಾನೆ. ತಪಸ್ಸಿನಲ್ಲಿ ಮೈತುಂಬ ರೋಗಗಳು. ವೈದ್ಯನ ವೇಷದಲ್ಲಿ ದೇವನು ಬಂದು ಮದ್ದು ಕೊಡುವೆನೆಂದರೆ, ಹುಟ್ಟುಸಾವುಗಳೆಂಬ ವ್ಯಾಧಿಗೆ ಮದ್ದಿದ್ದರೆ ಕೊಡು ಎನ್ನುತ್ತಾನೆ. ಮಹತ್ತಾದ ಕಥೆಯೇ ಸರಿ. ಆದರೆ ಸನತ್ಕುಮಾರನು ಮದ್ದನ್ನು ಬೇಡವೆಂದದ್ದು ರೋಗವೇನೆಂದು ತಿಳಿದು, ಎಲ್ಲ ಬಾಧ್ಯತೆಗಳನ್ನೂ ಕಳಚಿ ಮುನಿಯಾದ ಮೇಲೆ. ಹತ್ತನೆಯ ತರಗತಿಯ ಮಗಳೂ, ಬ್ಯಾಂಕಿನ ಸಾಲವೂ, ವಯಸ್ಸಾದ ತಾಯಿಯೂ ಇರುವ ಗೃಹಸ್ಥನು ರಕ್ತಪರೀಕ್ಷೆಗೆ ನಾಚಿ ಮನೆಯಲ್ಲಿ ಕೂತರೆ ಅವನಿಗೆ ಆ ಕಥೆಯ ಆಸರೆ ಸಲ್ಲದು. ಬಂದಳಿಕೆಯ 10ನೆಯ ಶತಮಾನದ ಆರಂಭದ ಶಾಸನದಲ್ಲಿ ಬರುವ ಜಕ್ಕಿಯಬ್ಬೆ ನಾಗರಖಂಡವನ್ನು ಆಳುತ್ತಿದ್ದವಳು. ವ್ಯಾಧಿ ಮೈಗೆ ಹತ್ತಿದಾಗ ಅವಳು ಮೊದಲು ಮಾಡಿದ ಕೆಲಸ ಅಧಿಕಾರವನ್ನು ಮಗಳಿಗೆ ಒಪ್ಪಿಸಿದ್ದು. ಬಸದಿಗೆ ಹೋಗಿ ವ್ರತ ಹಿಡಿದದ್ದು ಅನಂತರ.

ಹಾಗಾದರೆ ಈ ಅರ್ಬುದ ಪ್ರತೀಕಾರವುಳ್ಳದ್ದೇ? ಉತ್ತರ ಕಾಲದ ಮೇಲೆ ನಿಂತಿದೆ. ಗ್ರಂಥಿಯ ಒಳಗೇ ಇರುವಾಗ ಸಿಕ್ಕರೆ ಐದು ವರ್ಷ ಬದುಕುಳಿಯುವವರ ಪ್ರಮಾಣ ಅಮೆರಿಕದ ದಾಖಲೆಗಳಲ್ಲಿ ನೂರರ ಸಮೀಪ. ಎಲುಬಿನಂಥ ದೂರದ ಅವಯವಗಳಿಗೆ ಹರಡಿದ ಮೇಲೆ ಸಿಕ್ಕರೆ ಅದು ಮೂರರಲ್ಲಿ ಒಂದು ಪಾಲಿನಷ್ಟು. ಒಂದೇ ರೋಗ ಒಂದು ದಡದಲ್ಲಿ ಪ್ರತೀಕಾರವುಳ್ಳದ್ದು, ಇನ್ನೊಂದು ದಡದಲ್ಲಿ ಬಹುಮಟ್ಟಿಗೆ ಇಲ್ಲದ್ದು. ಅಮೆರಿಕದ ಸಂಗೀತಗಾರ ಫ್ರಾಂಕ್ ಜಪ್ಪಾಗೆ 1990ರಲ್ಲಿ ರೋಗ ಗೊತ್ತಾದಾಗ ಅವನಿನ್ನೂ ಐವತ್ತರ ಒಳಗಿನವನು. ಶಸ್ತ್ರಚಿಕಿತ್ಸೆಯ ಹಂತ ಆಗಲೇ ಮೀರಿತ್ತು. 1993ರ ಡಿಸೆಂಬರಿನಲ್ಲಿ, ಐವತ್ತೆರಡರಲ್ಲಿ ತೀರಿಕೊಂಡ.

ರಕ್ತದ ಪಿಎಸ್‌ಎ ಪರೀಕ್ಷೆಯನ್ನು ಎಲ್ಲ ಗಂಡಸರಿಗೂ ಮಾಡಿಬಿಟ್ಟರಾಯಿತೆಂದು ಹೇಳುವುದು ಸುಲಭ. ವೈದ್ಯಲೋಕ ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ 1986ರಲ್ಲಿ ರೋಗಿಗಳ ಮೇಲ್ವಿಚಾರಣೆಗೂ 1994ರಲ್ಲಿ ರೋಗ ಪತ್ತೆಗೂ ಒಪ್ಪಿಗೆ ಪಡೆದ ಈ ಪರೀಕ್ಷೆಯ ಅಂಕಿ, ಗ್ರಂಥಿಯ ಸೋಂಕಿನಿಂದಲೂ ಮುಪ್ಪಿನ ಹಿಗ್ಗುವಿಕೆಯಿಂದಲೂ ಏರಬಹುದು. ಎಂದೂ ತೊಂದರೆ ಕೊಡದಿದ್ದ ಸಣ್ಣ ಗಂಟಿಗಾಗಿ ಎಷ್ಟೋ ಜನ ಶಸ್ತ್ರಕ್ಕೆ ಒಳಗಾಗಿ ಪಡಬಾರದ ಪಾಡು ಪಟ್ಟದ್ದೂ ಇದೆ. ಆದ್ದರಿಂದ ಈಗ ಅಂಕಿ ಹೆಚ್ಚಿದ್ದರೆ ನೇರವಾಗಿ ಸೂಜಿ ಹಾಕದೆ ಎಂಆರ್‌ಐ ಚಿತ್ರ ತೆಗೆದು ನೋಡುವುದು, ಸೌಮ್ಯವಾದ ಗಂಟಾದರೆ ಚಿಕಿತ್ಸೆಯಿಲ್ಲದೆ ಕಾದು ನಿಗಾ ಇಡುವುದು ರೂಢಿಗೆ ಬಂದಿದೆ. ಸಾಮಾನ್ಯ ಗಂಡಸರು ಐವತ್ತರಲ್ಲಿ ವೈದ್ಯರೊಡನೆ ಈ ಮಾತು ಎತ್ತಲಿ ಎಂಬುದು ಅಮೆರಿಕದ ಕ್ಯಾನ್ಸರ್ ಸೊಸೈಟಿಯ ಸಲಹೆ. ತಂದೆಗೋ ಒಡಹುಟ್ಟಿದವನಿಗೋ ಅರವತ್ತೈದರೊಳಗೆ ಈ ರೋಗ ಬಂದಿದ್ದರೆ ನಲವತ್ತೈದಕ್ಕೇ, ಅಂಥವರು ಒಬ್ಬರಿಗಿಂತ ಹೆಚ್ಚಿದ್ದರೆ ನಲವತ್ತಕ್ಕೇ.

ಹರೆಯದಲ್ಲಿ ಬರುವ ರೋಗದ ಹಿಂದೆ ವಂಶದ ಪಾಲು ದೊಡ್ಡದು. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ ಇದ್ದರೆ ಅಪಾಯ ಸುಮಾರು ಎರಡು ಪಟ್ಟು. ಬಿಆರ್‌ಸಿಎ-2 ಎಂಬ ಜೀನಿನ ದೋಷವಿದ್ದವರಲ್ಲಿ ರೋಗ ಬೇಗ ಬರುತ್ತದೆ, ಉಗ್ರವಾಗಿಯೂ ಇರುತ್ತದೆ. ಇದೇ ಜೀನಿನ ದೋಷ ಹೆಂಗಸರಲ್ಲಿ ಸ್ತನದ, ಅಂಡಾಶಯದ ಅರ್ಬುದಗಳಿಗೆ ಕಾರಣ. ಎಂದರೆ ಗಂಡಸಿನ ಅಪಾಯದ ಸುಳಿವು ಅವನ ತಾಯಿಯ, ಅಕ್ಕನ, ಚಿಕ್ಕಮ್ಮನ ಆಸ್ಪತ್ರೆಯ ಕಡತದಲ್ಲಿ ಇರಬಹುದು. ಆದರೆ ಹೆಂಗಸರ ಎದೆಯ ಗಡ್ಡೆಯ ಮಾತು ಗಂಡಸರ ಕಿವಿಗೆ ಬೀಳದಂತೆ, ಗಂಡಸರ ಮೂತ್ರದ ಮಾತು ಹೆಂಗಸರ ಕಿವಿಗೆ ಬೀಳದಂತೆ ನಡೆದುಕೊಳ್ಳುವುದೇ ಮರ್ಯಾದೆಯೆಂದು ಬಗೆದ ಮನೆಗಳಲ್ಲಿ ಈ ಎರಡು ಸುದ್ದಿಗಳು ಎಂದಿಗೂ ಒಂದೆಡೆ ಕೂಡುವುದಿಲ್ಲ. ಮೂರು ತಲೆಮಾರಿನ ಗೋತ್ರ, ಬೆಡಗು, ಬಳಿಗಳನ್ನು ಬಾಯಿಪಾಠ ಹೇಳುವ ಹಿರಿಯರಿಗೆ, ಅಜ್ಜ ಯಾವುದರಿಂದ ತೀರಿಕೊಂಡನೆಂದು ಕೇಳಿದರೆ ವಯಸ್ಸಾಗಿತ್ತು ಎಂಬ ಒಂದೇ ಉತ್ತರ.

ಹೊಸಪೇಟೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪ್ರತಿಮೆಯಿದೆ. 2021ರ ಅಕ್ಟೋಬರ್ 29ರಂದು ನಲವತ್ತಾರರ ಹರೆಯದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಸಂಸ್ಥೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಹೆಚ್ಚಿನವರು ಅದೇ ವಯಸ್ಸಿನ ಗಂಡಸರು. ಹೃದಯವೆಂಬುದು ಹೇಳಿಕೊಳ್ಳಬಹುದಾದ ಅವಯವ. ಅದಕ್ಕೆ ಕಾವ್ಯದಲ್ಲಿ ಸ್ಥಾನವಿದೆ, ಸಿನಿಮಾದಲ್ಲಿ ಹಾಡಿದೆ. ಹೊಕ್ಕುಳಿಂದ ಕೆಳಗಿನ ಅವಯವಕ್ಕೆ ಅಂಥ ಅದೃಷ್ಟವಿಲ್ಲ. ಮೂರು ವರ್ಷಗಳ ಅನಂತರ, 2024ರ ಡಿಸೆಂಬರಿನಲ್ಲಿ, ಅವರ ಅಣ್ಣ ಶಿವರಾಜ್‌ಕುಮಾರ್ ಮೂತ್ರಕೋಶದ ಕ್ಯಾನ್ಸರಿಗಾಗಿ ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಮೂತ್ರಕೋಶವನ್ನು ತೆಗೆದು ಕರುಳಿನಿಂದ ಹೊಸದೊಂದನ್ನು ರಚಿಸಿದ್ದನ್ನು ಜನರೆದುರು ಮುಚ್ಚುಮರೆಯಿಲ್ಲದೆ ತಿಳಿಸಲಾಯಿತು. ಅವಯವ ಬೇರೆ, ಅವರ ವಯಸ್ಸೂ ಅರವತ್ತು ದಾಟಿದ್ದು. ಆದರೂ ಕನ್ನಡದ ಒಬ್ಬ ಜನಪ್ರಿಯ ನಟನ ಬಾಬಿನಲ್ಲಿ ಮೂತ್ರಕೋಶವೆಂಬ ಪದ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗಿ, ಅಭಿಮಾನಿಗಳು ಅದನ್ನು ಚಹಾದಂಗಡಿಗಳಲ್ಲಿ ಸಂಕೋಚವಿಲ್ಲದೆ ಆಡಿದರೆಂಬುದು ಸಣ್ಣ ಸಂಗತಿಯಲ್ಲ.

ಚಿಕಿತ್ಸೆಯ ಚರಿತ್ರೆ ಜೈನ ಓದುಗನಿಗೆ ಇರುಸುಮುರುಸು ತರುವಂಥದು. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್, ವೃಷಣಗಳಿಂದ ಬರುವ ಹಾರ್ಮೋನನ್ನು ನಿಲ್ಲಿಸಿದರೆ ಈ ಅರ್ಬುದ ಕುಗ್ಗುವುದೆಂದು ತೋರಿಸಿದ. 1966ರಲ್ಲಿ ಅದಕ್ಕೆ ನೊಬೆಲ್ ಪುರಸ್ಕಾರ ದೊರೆಯಿತು. ಆ ತಿಳಿವಿಗೆ ಅವನು ಬಂದದ್ದು ನಾಯಿಗಳ ಮೇಲಿನ ಪ್ರಯೋಗಗಳಿಂದ. ಮುಂದೆ ಶಸ್ತ್ರವಿಲ್ಲದೆ ಚುಚ್ಚುಮದ್ದಿನಿಂದಲೇ ಆ ಹಾರ್ಮೋನನ್ನು ತಡೆಯುವ ಔಷಧಗಳು ಬಂದವು. ಅವುಗಳ ಮೂಲದಲ್ಲಿರುವ ಮೆದುಳಿನ ರಾಸಾಯನಿಕದ ರಚನೆಯನ್ನು ಆಂಡ್ರ್ಯೂ ಶ್ಯಾಲಿ ಮತ್ತು ರೋಜೆ ಗಿಯ್ಮೆ 1970ರ ದಶಕದ ಆರಂಭದಲ್ಲಿ ಬಿಡಿಸಿದ್ದು ಕಸಾಯಿಖಾನೆಗಳಿಂದ ತಂದ ಲಕ್ಷಗಟ್ಟಲೆ ಹಂದಿಗಳ, ಕುರಿಗಳ ಮೆದುಳಿನ ತುಣುಕುಗಳಿಂದ. ಇಂದಿನ ಔಷಧವನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸುತ್ತಾರೆ, ಅದರಲ್ಲಿ ಪ್ರಾಣಿಯ ಅಂಶವಿಲ್ಲ. ಆದರೂ ಅದರ ಜ್ಞಾನದಲ್ಲಿ ಆ ಜೀವಗಳಿವೆ. ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ವಾದಿಸಿದ ಪ್ರಶ್ನೆ ಮುಗಿದುಹೋದದ್ದಲ್ಲ. ಇದಕ್ಕೆ ಸುಲಭದ ಸಮಾಧಾನವನ್ನು ಹೇಳುವವರು ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ. ಮದ್ದನ್ನು ಬಿಡುವುದರಿಂದ ಸತ್ತ ಪ್ರಾಣಿಗಳು ಮರಳುವುದಿಲ್ಲವೆಂಬುದು ಒಂದು ಉತ್ತರ. ಅಲ್ಲಿಗೆ ಋಣ ತೀರಿತೆಂದು ಹೇಳಲಾಗದು.

ನಲವತ್ತರವನಿಗೆ ಚಿಕಿತ್ಸೆಯ ಬೆಲೆಯೂ ಬೇರೆ. ಗ್ರಂಥಿಯ ಇಕ್ಕೆಲಗಳಲ್ಲಿ ಹಾದುಹೋಗುವ ನರಗಳಿಗೆ ಪೆಟ್ಟಾದರೆ ದಾಂಪತ್ಯಸುಖ ಕುಂದಬಹುದು. ಕೆಲವು ತಿಂಗಳು, ಕೆಲವರಿಗೆ ಹೆಚ್ಚು ಕಾಲ, ಮೂತ್ರ ಹತೋಟಿ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಸಹಜವಾಗಿ ಮಕ್ಕಳಾಗುವುದಿಲ್ಲ. ಮಕ್ಕಳು ಬೇಕೆನ್ನುವವರು ಮೊದಲೇ ವೀರ್ಯವನ್ನು ಶೇಖರಿಸಿಡಬೇಕು. ಹಾರ್ಮೋನು ತಡೆಯುವ ಮದ್ದಿನಿಂದ ಮೈ ಬಿಸಿಯೇರುವುದು, ಸ್ನಾಯು ಕರಗುವುದು, ಎಲುಬು ಸವೆಯುವುದು, ಮನಸ್ಸು ಕುಗ್ಗುವುದು ಇವೆ. ಹೋರಿಯ ಬೀಜ ಒಡೆದು ಎತ್ತು ಮಾಡುವುದನ್ನು ಕಂಡು ಬೆಳೆದ ರೈತನಿಗೆ ಇದನ್ನು ವೈದ್ಯನು ವಿವರಿಸದಿದ್ದರೂ ಅರ್ಥವಾಗುತ್ತದೆ; ಅವನು ಮತ್ತೆ ಆಸ್ಪತ್ರೆಗೆ ಬಾರದಿರುವುದಕ್ಕೆ ಅದೇ ಕಾರಣವಾಗುವುದೂ ಉಂಟು. ಗಂಡಸುತನವೆಂಬ ಪದಕ್ಕೆ ಇರುಗಪ್ಪನ ನಿಘಂಟಿನ ಮಾದರಿಯಲ್ಲಿ ನಾನಾರ್ಥಗಳಿದ್ದರೆ ಚೆನ್ನಾಗಿತ್ತು. ಊರಿನಲ್ಲಿ ಅದಕ್ಕೆ ಒಂದೇ ಅರ್ಥ.

ಹಿಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆನಿಸಿದ್ದ ಬಳ್ಳಾರಿಯ ವೈದ್ಯಕೀಯ ಕಾಲೇಜಿಗೆ ಮಲಪನಗುಡಿಯಿಂದ ಅರವತ್ತು-ಎಪ್ಪತ್ತು ಕಿಲೋಮೀಟರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಒಂದು ರಾತ್ರಿಯ ಪ್ರಯಾಣ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಕಿದ್ವಾಯಿಯಲ್ಲಿ 1982ರಿಂದ ಅರ್ಬುದ ರೋಗಿಗಳ ಜನಸಂಖ್ಯಾ ದಾಖಲೆ ನಡೆಯುತ್ತಿದೆ. ಆ ದಾಖಲೆ ಬೆಂಗಳೂರಿನ ನಿವಾಸಿಗಳದು. ನಗರದ ಗಂಡಸರಲ್ಲಿ ಈ ರೋಗ ಏರುತ್ತಿರುವುದನ್ನು ಅದರಿಂದಲೇ ತಿಳಿದದ್ದು. ತುಂಗಭದ್ರೆಯ ದಡದ ಹಳ್ಳಿಗಳಲ್ಲಿ ಬೆನ್ನುನೋವೆಂದು ಮಲಗಿ ಮತ್ತೆ ಏಳದವರು ಆ ಪುಸ್ತಕದ ಯಾವ ಪುಟದಲ್ಲಿಯೂ ಇಲ್ಲ.

ಇನ್ನು, ರೋಗ ಗೊತ್ತಾಗಿ ಚಿಕಿತ್ಸೆ ಪಡೆದವನ ಮನೆಯಲ್ಲಿಯೂ ಒಂದು ಕೆಲಸ ಬಾಕಿ ಉಳಿಯುತ್ತದೆ: ಒಡಹುಟ್ಟಿದವರಿಗೂ ಬೆಳೆದ ಗಂಡುಮಕ್ಕಳಿಗೂ ರೋಗದ ಹೆಸರನ್ನು ಹೇಳುವುದು. ವೈದ್ಯರು ಆ ಮಾತನ್ನು ಚೀಟಿಯಲ್ಲಿ ಬರೆದು ಕೊಡುವುದಿಲ್ಲ. ಅಣ್ಣ ತಾನಾಗಿ ಆಡುವುದಿಲ್ಲ, ಅತ್ತಿಗೆ ಆಡುವಂತಿಲ್ಲ. ಬೆಂಗಳೂರಿನಿಂದ ಮರಳಿ ಬಂದ ಅಣ್ಣನನ್ನು ನೋಡಲು ಹಣ್ಣು ಹಿಡಿದು ಬರುವ ತಮ್ಮನಿಗೆ ಹೊರ ಪಡಸಾಲೆಯಲ್ಲಿ ಸಿಗುವ ಸಮಾಚಾರ, ಏನೋ ಕಿಡ್ನಿ ತೊಂದರೆಯಂತೆ, ಈಗ ಪರವಾಗಿಲ್ಲ ಎಂಬಷ್ಟೇ. ಅವನಿಗೆ ಆಗ ನಲವತ್ತೊಂದು ವರ್ಷವಿರುತ್ತದೆ.